ಹನಮೇಶ ಕುಂತಾನೇನು?

"ಮ್ಯಾಡಮ್ಮಾರ, ಇನ್ನೂ ಎಷ್ಟೊತ್ತು ಮಲಗ್ತೀರಿ ಅಲ್ಲಿ?"

ಇನ್ಸ್‌ಪೆಕ್ಟರ್ ಸಿದ್ಧಾರೂಢ ಹೀಗೆ ಕೂಗಿದಾಗ ಜಯಮಾಲಾ ನುಜ್ಜುಗುಜ್ಜಾದ ಬಿಳಿ ಕಾರಿನ ಕೆಳಗಿದ್ದಳು. ಠಾಣೆಯ ಹಿತ್ತಲಿನಲ್ಲಿ ಗೋಣಿತಟ್ಟು ಹಾಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಾತ ಮಲಗಿ, ಮುಂದಿನ ಎಡಗಾಲಿಯ ಒಳಮೈಗೆ ಬ್ಯಾಟರಿಯ ಬೆಳಕು ಬಿಟ್ಟಿದ್ದಳು.

ಇದೇ ಕಾರನ್ನು ಓಡಿಸುತ್ತ ಹುಬ್ಬಳ್ಳಿಯ ಗ್ಯಾರೇಜಿನ ಉಸ್ತಾದ ಗಿರಿಯಪ್ಪ ಮುಗದದ ರಸ್ತೆಯಲ್ಲಿ ಹಳ್ಳಕ್ಕೆ ಬಿದ್ದು ಸತ್ತಿದ್ದರು. ಗಾಲಿಯನ್ನು ಸರಿಯಾಗಿ ಬಿಗಿಯದೆ ಆ ಸಾವಿಗೆ ಕಾರಣನಾದ ಎಂದು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಶಾಗಿರ್ದ ಅಕೀಬ ಜೈಲಿನಲ್ಲಿದ್ದ. ವಿಮೆ ಕಂಪನಿಯ ಸರ್ವೇಯರ್ ಜಯಮಾಲಾ ಇವತ್ತು ಸಂಜೆಯೊಳಗೆ ವರದಿ ಕೊಡಬೇಕು. ಕೆಲಸಗಾರನ ಅಲಕ್ಷ್ಯ ಎಂದು ಅವಳು ಬರೆದರೆ ಅಕೀಬನ ಪರವಾಗಿ ಮಾತಾಡುವವರು ಮತ್ತೆ ಯಾರೂ ಉಳಿಯುವುದಿಲ್ಲ.

ಸ್ಟೀರಿಂಗಿನ ಸರಳು ಗಾಲಿಗೆ ಬಂದು ಸೇರುವಲ್ಲಿ ಒಂದು ಬೋಲ್ಟು ಇರುತ್ತದೆ, ಅದರ ಮೇಲೊಂದು ನಟ್ಟು. ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಬೋಲ್ಟಿನ ತೂತಿನಲ್ಲಿ ತೂರಿಸಿ, ಎರಡು ಕಾಲು ಮಡಿಸಿದ ಪುಟ್ಟ ಪಿನ್ನು. ಹೆಂಗಸರು ತಲೆಗೆ ಸಿಕ್ಕಿಸುವ ಪಿನ್ನಿಗಿಂತ ದೊಡ್ಡದಲ್ಲ. ಬಲಗಾಲಿಯಲ್ಲಿ ಅದು ಇತ್ತು. ಎಡಗಾಲಿಯಲ್ಲಿ ಪಿನ್ನೂ ಇರಲಿಲ್ಲ, ನಟ್ಟೂ ಇರಲಿಲ್ಲ.

ಇಷ್ಟನ್ನು ಪೊಲೀಸರೂ ನೋಡಿದ್ದರು. ಅವರು ನೋಡದೆ ಬಿಟ್ಟದ್ದು ತೂತಿನ ಬಾಯಿ.

ಅಲ್ಲಿ ಗ್ರೀಸಿನ ಕೆಳಗೆ ಹೊಸ ಗೀರುಗಳಿದ್ದವು. ಒಳಗಿದ್ದ ಪಿನ್ನನ್ನು ಯಾರೋ ಪಕ್ಕಡಿನಿಂದ, ಅಂದರೆ ಇಕ್ಕಳದಿಂದ, ಹಿಡಿದು, ತಿರುಚಿ, ಎಳೆದ ಗೀರು. ಎಂದೂ ಹಾಕದೇ ಇದ್ದ ಪಿನ್ನು ಗೀರು ಬಿಡುವುದಿಲ್ಲ.

ಜಯಮಾಲಾ ಹೊರಗೆ ತೆವಳಿ ಬಂದು ಬೆನ್ನಿನ ಮಣ್ಣು ಕೊಡವಿಕೊಂಡಳು. ಇನ್ಸ್‌ಪೆಕ್ಟರ್ ಸಿದ್ಧಾರೂಢ ಚಹಾದ ಲೋಟ ಹಿಡಿದು ಹುಣಸೆಮರದ ನೆರಳಿನಲ್ಲಿ ನಿಂತಿದ್ದರು. ಅವರಿಗೆ ಗೀರಿನ ವಿಷಯ ಹೇಳಿದಳು. ಪಿನ್ನು ಎಳೆದು, ನಟ್ಟನ್ನು ಸ್ವಲ್ಪ ಸಡಿಲು ಮಾಡಿಟ್ಟರೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿದಳು. ಗಾಡಿ ಮೊದಲು ಒಂದು ಕಡೆಗೆ ಎಳೆಯುತ್ತದೆ. ಆಮೇಲೆ ತಗ್ಗು ಬಂದಾಗೆಲ್ಲ ಟಕ್ ಟಕ್ ಎಂದು ಬಡಿಯುತ್ತದೆ. ಕೊನೆಗೆ ಗಾಲಿ ತನ್ನ ದಾರಿ ತಾನು ಹಿಡಿಯುತ್ತದೆ.

ಸಿದ್ಧಾರೂಢ ಸಮಾಧಾನದಿಂದ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಆದರೆ ಅಕೀಬನ ಮೇಲೆ ಅವರಿಗೊಂದು ಸಿಟ್ಟಿತ್ತು.

"ಆ ಹುಡುಗ ಮೊದಲನೇ ದಿನಾನ ಖರೇ ಹೇಳಿದ್ರ ನಾ ಹಿಂಗ ಬೆನ್ನು ಹತ್ತತಿದ್ದಿಲ್ರಿ. ಸತ್ತಾಂವನ್ನ ಸಾಕ್ಷಿ ಕೊಟ್ಟಾನ ನಮಗ. ಅಂವನ್ನ ಹುಡಕ್ಕೊಂತ ನಮ್ಮ ಮಂದಿ ಗೋವಾತನಕ ಹೋಗಿ ಬಂದ್ರು."

ಅದು ನಡೆದದ್ದು ಹೀಗೆ. ಹುಬ್ಬಳ್ಳಿಯ ಬೇರೆ ಗ್ಯಾರೇಜುಗಳಲ್ಲಿ ಗಾಡಿಯ ಭಾಗಗಳಿಗೆ ಅರ್ಧ ಇಂಗ್ಲಿಷು, ಅರ್ಧ ಉರ್ದುವಿನ ಹೆಸರಿದ್ದರೆ, ಗಿರಿಯಪ್ಪನವರ ಗ್ಯಾರೇಜಿನಲ್ಲಿ ಮನುಷ್ಯರ ಹೆಸರಿದ್ದವು. ಎಲ್ಲವೂ ತೀರಿಕೊಂಡವರ ಹೆಸರು. ಎಂಜಿನ್ ಎಬ್ಬಿಸುವ ಸೆಲ್ಫ್ ಸ್ಟಾರ್ಟರಿಗೆ ಸಾವಂತ್ರೆವ್ವ ಎಂದು ಉಸ್ತಾದರ ಸೋದರತ್ತೆಯ ಹೆಸರು. ಆಕೆ ಬೆಳಿಗ್ಗೆ ಕೂಗಿ ಕೂಗಿ ಕರೆಯದ ಹೊರತು ಏಳುತ್ತಿರಲಿಲ್ಲವಂತೆ. ಮಾತುಮಾತಿಗೆ ಕುದಿಯುತ್ತಿದ್ದ ನೆರೆಮನೆಯ ಗುರುಶಿದ್ದಪ್ಪ ಹೋದಮೇಲೆ ರೇಡಿಯೇಟರ್ ಆದ. ಸಾವಂತ್ರೆವ್ವ ಹೋದಳು, ಹೊಸಬಳನ್ನು ತರಬೇಕು ಎಂದು ಉಸ್ತಾದರು ಹೇಳಿದ್ದಕ್ಕೆ ಗಾಡಿ ತಂದಿದ್ದ ಒಬ್ಬ ಮೇಷ್ಟ್ರು ಎದ್ದು ನಿಂತು ಸಂತಾಪ ಹೇಳಿದ್ದರು. ಗುರುಶಿದ್ದಪ್ಪ ಸೋರುತ್ತಾನೆ ಎಂದು ಅಂಗಡಿಗೆ ಹೋದ ಶಾಗಿರ್ದನಿಗೆ ಬಿಡಿಭಾಗದ ಬದಲು ಡಾಕ್ಟರ ವಿಳಾಸ ಸಿಕ್ಕಿತ್ತು.

ಆ ಪುಟ್ಟ ಪಿನ್ನಿಗೆ ಮಾತ್ರ ಉಸ್ತಾದರು ತಮ್ಮ ಮಗನ ಹೆಸರಿಟ್ಟಿದ್ದರು. ಹನಮೇಶ.

ಹನಮೇಶ ಲಾರಿ ಓಡಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ ಗೋವಾದ ಘಟ್ಟದಲ್ಲಿ ಅವನ ಲಾರಿ ಹೊಳೆಗೆ ಬಿತ್ತು. ಲಾರಿ ಸಿಕ್ಕಿತು, ಅವನು ಸಿಗಲಿಲ್ಲ. ಮುಂದಿನ ಗಾಲಿಯಲ್ಲಿ ಪಿನ್ನು ಇರಲಿಲ್ಲ. ಅಂದಿನಿಂದ ಉಸ್ತಾದರು ಆ ಪಿನ್ನನ್ನು ಯಾವ ಶಾಗಿರ್ದನಿಗೂ ಮುಟ್ಟಗೊಡಲಿಲ್ಲ. ತಾವೇ ಕೂಡಿಸುವರು, ತಾವೇ ಮಡಿಸುವರು. ಗಾಡಿ ಹೊರಗೆ ಹೋಗುವ ಮುನ್ನ ಶಾಗಿರ್ದ ಕೇಳಲೇಬೇಕು: ಹನಮೇಶ ಕುಂತಾನೇನು? ಕುಂತಾನ ಎಂದು ಉಸ್ತಾದರು ಹೇಳಿದ ಮೇಲೆಯೇ ಚಾವಿ ಕೈಗೆ.

ಠಾಣೆಯಲ್ಲಿ ಅಕೀಬ ಅದನ್ನೇ ಹೇಳಿದ್ದ. ಉಸ್ತಾದರು ಹನಮೇಶನನ್ನು ಕೂಡಿಸಿದ್ದನ್ನು ಕಣ್ಣಾರೆ ಕಂಡೆ ಎಂದಿದ್ದ. ಬರೆದುಕೊಂಡವರು, ಹನಮೇಶ ಎಂಬ ವ್ಯಕ್ತಿಯು ಕಾರಿನಲ್ಲಿ ಕುಳಿತಿದ್ದನು ಎಂದು ಬರೆದರು. ಆ ವ್ಯಕ್ತಿ ಎಂದೋ ಸತ್ತವನೆಂದು ತಿಳಿದಾಗ ಅಕೀಬ ಸುಳ್ಳುಗಾರನಾದ. ಓಣಿಯಲ್ಲಂತೂ ಮಾತು ಬೇರೆಯೇ ರೆಕ್ಕೆ ಪಡೆಯಿತು. ಸತ್ತ ಮಗ ಬಂದು ಪಕ್ಕದಲ್ಲಿ ಕೂತು ಅಪ್ಪನನ್ನು ಕರೆದುಕೊಂಡು ಹೋದ ಎಂದರು.

ಹೋದ ವಾರವಷ್ಟೇ ಜಯಮಾಲಾ ಈ ಗಂಟನ್ನು ಬಿಡಿಸಿ ಇನ್ಸ್‌ಪೆಕ್ಟರಿಗೆ ತೋರಿಸಿದ್ದಳು. ಅವರು ನಕ್ಕಿದ್ದರು, ಆದರೆ ಅಕೀಬನನ್ನು ಬಿಟ್ಟಿರಲಿಲ್ಲ.

"ಎಳದದ್ದು ಖರೇ ಅಂತ ಹಿಡೀರಿ," ಎಂದರು ಸಿದ್ಧಾರೂಢ ಈಗ. "ಎಳದಾಂವ ಯಾರು? ಹೆಸರು ಹೇಳ್ರಿ. ಇಲ್ಲಾಂದ್ರ ಅಕೀಬನ ಎಳದಾನ ಅಂತಾರ ಮಂದಿ."

ಹೆಸರೊಂದು ಜಯಮಾಲಾಳ ಬಾಯಲ್ಲೇ ಇತ್ತು. ಅಂಬರೀಷ, ಈ ಕಾರಿನ ಮಾಲೀಕ. ನಿವೇಶನ ಕೊಡಿಸುವ ದಲ್ಲಾಳಿ. ಗ್ಯಾರೇಜಿನ ಜಾಗದ ಮೇಲೆ ಬಹಳ ದಿನದಿಂದ ಕಣ್ಣಿಟ್ಟವನು. ಅಂದು ಬೆಳಿಗ್ಗೆ ಪಿನ್ನು ಕೂಡಿಸಿಯಾದ ಮೇಲೆ ಉಸ್ತಾದರೂ ಅಕೀಬನೂ ಎದುರಿನ ಅಂಗಡಿಗೆ ಚಹಾಕ್ಕೆ ಹೋದಾಗ ತಾನು ಬಂದು, ಖಾಲಿ ಗ್ಯಾರೇಜಿನಲ್ಲಿ ಒಬ್ಬನೇ ಕಾರಿನ ಹತ್ತಿರ ನಿಂತಿದ್ದೆ ಎಂದು ಅವನೇ ಹೇಳಿಕೊಂಡಿದ್ದ. ಆದರೆ ತಾನೇ ಓಡಿಸಿಕೊಂಡು ಹೋಗಲಿರುವ ಕಾರಿನ ಪಿನ್ನನ್ನು ಯಾರಾದರೂ ತಾವೇ ಏಕೆ ಎಳೆಯುತ್ತಾರೆ? ಅಲ್ಲಿಗೆ ಬಂದು ಅವಳ ಲೆಕ್ಕ ನಿಲ್ಲುತ್ತಿತ್ತು.

ಹೊರಡುವ ಮುನ್ನ ಅವಳು ಬಲಗಾಲಿಯ ಪಿನ್ನನ್ನು ಇನ್ನೊಮ್ಮೆ ನೋಡಿದಳು. ಉಸ್ತಾದರ ಕೈಯ ಮಡಿಕೆ. ಮೇಲಿನ ಕಾಲನ್ನು ಪಕ್ಕಡಿನಲ್ಲಿ ಹಿಡಿದು, ಬೋಲ್ಟಿನ ತಲೆಯ ಮೇಲೆ ಬಲಕ್ಕೆ ಸುರುಳಿ ಸುತ್ತಿದ್ದರು, ಕಡ್ಡಿಗೆ ಸುತ್ತಿದ ಬತ್ತಿಯ ಹಾಗೆ. ಉಳಿದ ಮೆಕ್ಯಾನಿಕರು ಸುಮ್ಮನೆ ಎರಡು ಕಡೆಗೆ ಬಗ್ಗಿಸಿ ಬಿಡುತ್ತಾರೆ. ಈ ಸುರುಳಿ ಒಂದು ಮನೆಯ ಕೈಬರಹ.

*

ಹುಬ್ಬಳ್ಳಿಯಲ್ಲಿ ಗ್ಯಾರೇಜಿನ ಶಟರ್ ಇಳಿದೇ ಇತ್ತು. ಪಕ್ಕದ ಸಂದಿಯಿಂದ ಒಳಗೆ ಹೋದರೆ ಹಿಂದೆ ಪುಟ್ಟ ಮನೆ. ಅಂಗಳದಲ್ಲಿ ಕೈಬೋರು, ಅದರಾಚೆ ಗ್ಯಾರೇಜಿನ ಹಿಂಬಾಗಿಲು. ಮಧ್ಯಾಹ್ನದ ಬಿಸಿಲಿಗೆ ಓಣಿಯೆಲ್ಲ ಕಣ್ಣು ಮುಚ್ಚಿತ್ತು.

ಉಸ್ತಾದರ ಹೆಂಡತಿ ಹನುಮವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಜಯಮಾಲಾಳನ್ನು ಕಂಡು ಮಣೆ ಸರಿಸಿದಳು. ಹಣೆ ಬೋಳಾಗಿತ್ತು, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಆದರೆ ಕೈ ಮಾತ್ರ ನಿಲ್ಲದೆ ಬಡಿಯುತ್ತಿತ್ತು.

ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಓಣಿಯವರು ಹೇಳುತ್ತಿದ್ದರು. ಮುಚ್ಚಿದ ಗ್ಯಾರೇಜಿನಲ್ಲಿ ಮಧ್ಯಾಹ್ನ ಯಾರೋ ನಟ್ಟು ತಿರುಗಿಸುವ ಪಾನಾ ಬಡಿಯುವ ಸಪ್ಪಳ ಕೇಳುತ್ತದೆಂದು ಆಕೆ ಪಕ್ಕದ ಮನೆಯವರಿಗೆ ಹೇಳಿದ್ದಳಂತೆ. ಹೋದ ವಾರ ಜಯಮಾಲಾ ಬಂದಾಗಲೂ ಹೇಳಿದ್ದಳು. ಗಂಡನ ಕೈಯ ಸಪ್ಪಳವೇನೋ ಎಂದು ಜಯಮಾಲಾ ಕೇಳಿದ್ದಕ್ಕೆ ತಲೆಯಾಡಿಸಿ, ಅವರದು ಭಾರವಾದ ಕೈ, ಇದು ಹಗುರ ಎಂದಿದ್ದಳು.

ಇವತ್ತು ಆಕೆ ತಾನಾಗಿಯೇ ಮಗನ ಮಾತೆತ್ತಿದಳು. ಗೋಡೆಯ ಮೇಲಿನ ಫೋಟೋದಲ್ಲಿ ಹನಮೇಶ ಲಾರಿಯ ಮುಂದೆ ನಿಂತು ನಗುತ್ತಿದ್ದ. ಕೈಯಲ್ಲಿ ಪಾನಾ.

"ಎಡಚ ಇದ್ದ ತಂಗಿ ನನ್ನ ಮಗ. ಉಣ್ಣೂದೊಂದು ಬಲಗೈಲೆ. ಉಳದದ್ದೆಲ್ಲಾ ಎಡಗೈಲೇನ. ಅವರಪ್ಪ ಹೊಡದು ಹೊಡದು ಸಾಕಾಗಿ ಬಿಟ್ರು."

ಜಯಮಾಲಾ ಬುಟ್ಟಿಯ ಕಡೆ ನೋಡಿದಳು. ಒಬ್ಬಳು ಉಣ್ಣುವ ರೊಟ್ಟಿಗಳಲ್ಲ ಅವು. ರುಕ್ಸಾನಾಳಿಗೂ ಸೇರಿಸಿ ಮಾಡುತ್ತಾಳೇನೋ ಎಂದುಕೊಂಡಳು. ಅಕೀಬನ ತಾಯಿ ರುಕ್ಸಾನಾ ದಿನವೂ ಈ ಮನೆಗೆ ಹಾಲು ತರುತ್ತಿದ್ದಳು. ತನ್ನ ಮಗ ನಿನ್ನ ಗಂಡನನ್ನು ಕೊಂದಿಲ್ಲ ಎಂದು ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಲಿಟ್ಟು, ಪಾತ್ರೆ ತೊಳೆದು ಹೋಗುತ್ತಿದ್ದಳು.

ಕೈ ತೊಳೆಯಲು ಜಯಮಾಲಾ ಅಂಗಳಕ್ಕೆ ಬಂದಳು. ಕಾರಿನ ಕೆಳಗಿನ ಗ್ರೀಸು ಇನ್ನೂ ಉಗುರಿನಲ್ಲಿತ್ತು. ಬೋರಿನ ಹಿಡಿಕೆ ಒತ್ತಿದಳು. ನೀರು ಸಲೀಸಾಗಿ ಬಂತು.

ಅವಳ ಕೈ ಅಲ್ಲೇ ನಿಂತಿತು.

ಹೋದ ವಾರ ಈ ಹಿಡಿಕೆಯ ಪಿನ್ನು ಮುರಿದು ಬಿದ್ದಿತ್ತು. ತಂತಿ ಸುತ್ತಿ ಕಟ್ಟಿದ್ದರು. ಒತ್ತಿದರೆ ಕೀರಲುತ್ತಿತ್ತು, ಅರ್ಧ ಕೊಡಕ್ಕೆ ರಟ್ಟೆ ಬೀಳುತ್ತಿತ್ತು. ರಿಪೇರಿಗೆ ಯಾರಿದ್ದಾರೆ ತಂಗಿ ಎಂದು ಹನುಮವ್ವ ಅತ್ತಿದ್ದಳು.

ಈಗ ತಂತಿ ಇರಲಿಲ್ಲ. ಹಿಡಿಕೆಯ ಬೋಲ್ಟಿನ ತುದಿಯಲ್ಲಿ ಹೊಸ ಪಿನ್ನು ಮಿನುಗುತ್ತಿತ್ತು. ಮೇಲಿನ ಕಾಲು ಬೋಲ್ಟಿನ ತಲೆಯ ಮೇಲೆ ಬತ್ತಿಯ ಹಾಗೆ ಸುರುಳಿ ಸುತ್ತಿಕೊಂಡಿತ್ತು.

ಬಲಕ್ಕಲ್ಲ. ಎಡಕ್ಕೆ.

ಜಯಮಾಲಾ ಬೆರಳಿನಿಂದ ಅದನ್ನು ಮುಟ್ಟಿ ನೋಡಿದಳು. ಬಿಸಿಲಿಗೆ ಕಾದಿತ್ತು, ಆದರೂ ಅವಳ ತೋಳಿನ ಮೇಲೆ ಮುಳ್ಳೆದ್ದವು. ಅದೇ ಮನೆಯ ಕೈಬರಹ, ಕನ್ನಡಿಯಲ್ಲಿ ಕಂಡ ಹಾಗೆ. ಬರೆದ ಕೈ ಮಾತ್ರ ಬೇರೆ.

ಗ್ಯಾರೇಜಿನ ಹಿಂಬಾಗಿಲಿನ ಕಡೆ ತಿರುಗಿದಳು. ಚಿಲಕ ಹಾಕಿರಲಿಲ್ಲ, ಕದ ಬರೀ ಮುಚ್ಚಿಕೊಂಡಿತ್ತು. ಹೊಸ್ತಿಲ ಮೇಲೆ ಉಂಡ ತಾಟು, ಕುಡಿದ ಹಾಲಿನ ಲೋಟ. ಲೋಟದ ತಳದಲ್ಲಿ ಕೆನೆ ಇನ್ನೂ ಪೂರ್ತಿ ಒಣಗಿರಲಿಲ್ಲ.

*

"ಯವ್ವಾ, ಬೋರು ಯಾರು ರಿಪೇರಿ ಮಾಡಿದ್ರು?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಹನುಮವ್ವ ತಿರುಗಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ಬಹಳ ನಿಧಾನವಾಗಿ ಸವರಿದಳು.

"ಉಸ್ತಾದರು ಇಲ್ಲ," ಎಂದಳು ಜಯಮಾಲಾ. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಜ್ವರ ಬಂದ ಮಗುವನ್ನು ಕೇಳುವ ಹಾಗೆ ಕೇಳಿದಳು. "ಅಕೀಬ ಜೈಲಿನ್ಯಾಗದಾನ. ಬ್ಯಾರೆಯವರು ಪಿನ್ ಹಂಗ ಸುತ್ತಂಗಿಲ್ಲ. ಅದೂ ಎಡಕ್ಕ."

"ನನಗೇನು ಗೊತ್ತು ತಂಗಿ. ಮುಂಜಾನಿ ಎದ್ದು ನೋಡಿದ್ರ ನೀರು ಬರತಿತ್ತು."

"ತಾಟು ಯಾರದು?"

ಆಗ ಆಕೆ ತಿರುಗಿದಳು. ಮುಖದಲ್ಲಿ ಸಿಕ್ಕಿಬಿದ್ದವರ ಅಂಜಿಕೆ ಇರಲಿಲ್ಲ. ಮಲಗಿದ ಕೂಸನ್ನು ಯಾರೋ ಎಬ್ಬಿಸಲು ಬಂದಾಗ ತಾಯಿಯ ಮುಖದಲ್ಲಿ ಬರುವಂಥದ್ದೇನೋ ಇತ್ತು.

"ಸಣ್ಣಗ ಮಾತಾಡು," ಎಂದಳು. "ಈಗ ಬಂದಾನು, ಕೇಳಿದ್ರ ಮತ್ತ ಹೋಗಿಬಿಡ್ತಾನ."

ಜಯಮಾಲಾ ಹತ್ತಿರ ಕುಳಿತಳು. ಹನುಮವ್ವ ತಡೆತಡೆದು ಹೇಳಿದಳು. ಉಸ್ತಾದರು ಸತ್ತ ದಿನವೇ ಮೊದಲ ಸಲ ಕಂಡನಂತೆ. ಅವರು ಚಹಾಕ್ಕೆ ಹೋಗಿದ್ದರು, ಅಂಬರೀಷ ಬಂದು ಕಾರು ನೋಡಿ ಹೋಗಿದ್ದ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅಂಗಳ ದಾಟಿ ಹಿಂಬಾಗಿಲಿನಿಂದ ಗ್ಯಾರೇಜಿನೊಳಗೆ ಒಬ್ಬ ಹೋದ. ಗಡ್ಡ ಬಿಟ್ಟಿದ್ದ, ಸೊರಗಿದ್ದ, ಒಂದು ಕಾಲು ಎಳೆಯುತ್ತಿದ್ದ. ನಡಿಗೆ ಬದಲಾಗಿತ್ತು, ಬೆನ್ನು ಬದಲಾಗಿರಲಿಲ್ಲ. ಆಕೆ ನಿಂತಲ್ಲೇ ಕುಸಿದಳು. ಎದ್ದು ನೋಡುವಷ್ಟರಲ್ಲಿ ಯಾರೂ ಇರಲಿಲ್ಲ. ಅದೇ ಮಧ್ಯಾಹ್ನ ಗಂಡನ ಸುದ್ದಿ ಬಂತು. ಕಂಡದ್ದು ಕನಸೋ ಅಪಶಕುನವೋ ಎಂದುಕೊಂಡಳು. ದಿನಕರ್ಮದ ಮರುದಿನ ಗ್ಯಾರೇಜಿನಲ್ಲಿ ಸಪ್ಪಳವಾಯಿತು. ಒಂದು ತಾಟು ಮಾಡಿ ಹೊಸ್ತಿಲ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ತಾಟು ಖಾಲಿಯಾಗಿತ್ತು.

"ಮುಟ್ಟಿ ನೋಡೀಯೇನು ಯವ್ವಾ?"

"ಇಲ್ಲ." ಆಕೆ ಬೆರಳಿಗೆ ಹತ್ತಿದ ಹಿಟ್ಟನ್ನು ತಿಕ್ಕಿ ತೆಗೆದಳು. "ಮುಟ್ಟಿದ್ರ ಇಲ್ಲದಂಗ ಆದ್ರ?"

ಹೊರಗೆ ಹುಬ್ಬಳ್ಳಿ ಎಂದಿನಂತೆ ಇತ್ತು. ದೂರದಲ್ಲಿ ರೈಲು ಕೂಗಿತು. ಈ ಅಂಗಳದಲ್ಲಿ ಮಾತ್ರ ಗಾಳಿ ಸತ್ತಿತ್ತು.

"ಸತ್ತವರು ಪಿನ್ ಮಡಚಂಗಿಲ್ಲ ಯವ್ವಾ," ಎಂದಳು ಜಯಮಾಲಾ. "ಹಾಲು ಕುಡ್ಯಂಗಿಲ್ಲ. ನಿನ್ನ ಮಗ ಬದಕ್ಯಾನ."

ಬಾಗಿಲಲ್ಲಿ ಪಾತ್ರೆಯ ಸದ್ದಾಯಿತು.

ರುಕ್ಸಾನಾ ನಿಂತಿದ್ದಳು. ಒಂದು ಕೈಯಲ್ಲಿ ಹಾಲಿನ ಡಬ್ಬಿ, ಇನ್ನೊಂದು ಕೈಯಲ್ಲಿ ಮಗನಿಗೆಂದು ಕಟ್ಟಿದ ಬಟ್ಟೆಯ ಗಂಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಲೆಯ ಮೇಲಿನ ಸೆರಗು ಜಾರಿದ್ದು ಆಕೆಗೆ ತಿಳಿದಿರಲಿಲ್ಲ.

ಅವಳು ಕೂಗಾಡಲಿಲ್ಲ. ಒಳಗೆ ಬಂದು, ಡಬ್ಬಿಯನ್ನು ಎಂದಿನ ಜಾಗದಲ್ಲಿ ಇಟ್ಟಳು.

"ದಿನಾ ಹಾಲು ತರ್ತಿದ್ದೆ ಅಕ್ಕಾ," ಎಂದಳು. "ನೀ ಕುಡೀತಿ ಅಂತ ತಿಳ್ಕೊಂಡಿದ್ದೆ."

ಹನುಮವ್ವ ಮುಖ ಮುಚ್ಚಿಕೊಂಡಳು.

"ನಿನ್ನ ಮಗ ಹೊಳ್ಳಿ ಬಂದ. ಛಲೋ ಆತು. ನನ್ನ ಮಗ ಯಾವಾಗ ಬರ್ತಾನ, ಅದನ್ನ ಹೇಳು. ನಿನ್ನ ಕೈಯಾಗಿನ ರೊಟ್ಟಿ ತಿಂದು ಬೆಳದಾಂವ ಅಂವ. ಉಸ್ತಾದರ ಮೈಗೆ ಬೆರಳು ಹಚ್ಚೂ ಪೈಕಿ ಏನು?"

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಯಾರೂ ತೆಗೆಯಲಿಲ್ಲ. ಇಬ್ಬರು ತಾಯಂದಿರ ನಡುವೆ ಜಯಮಾಲಾ ಕೂತಿದ್ದಳು. ಇಲ್ಲಿ ಕೇಳಬೇಕಾದವಳು ತಾನಲ್ಲ ಎಂದು ಅವಳಿಗೆ ತಿಳಿದಿತ್ತು.

ಹನುಮವ್ವ ಮುಖದಿಂದ ಕೈ ತೆಗೆದಳು.

"ಅಪ್ಪನ್ನ ಕೊಲ್ಲಾಕ ಬಂದಿದ್ದಿಲ್ಲ ನನ್ನ ಮಗ. ಅಷ್ಟು ತಿಳ್ಕೋ ರುಕ್ಸಾನಾ. ಅಂಬರೀಷನ ಗಾಡಿ ಅಂತ ತಿಳದು ಕೈ ಹಾಕಿದೆ ಅಂತ ಮುಂಜಾನಿ ತಾನ ಹೇಳಿದ. ಅಂಬರೀಷಂದ ಲಾರಿ ಅದು, ಹೊಳೀಗೆ ಬಿದ್ದದ್ದು. ಸ್ಟೇರಿಂಗ್ ಸರಿ ಇಲ್ಲ, ಘಟ್ಟಾ ಇಳಸಂಗಿಲ್ಲ ಅಂತ ಇಂವ ಬಡಕೊಂಡಿದ್ದ. ಕೇಳಲಿಲ್ಲ ಅಂವ. ಆಮ್ಯಾಲೆ, ಕುಡದು ಹೊಡದಾನ ಅಂತ ಊರ ತುಂಬ ಹೇಳಿದ. ಯಾವ ಮಾರಿ ಇಟಗೊಂಡು ಊರಿಗೆ ಬರಬೇಕು ಇಂವ?"

"ಮತ್ತ ಉಸ್ತಾದರು ಯಾಕ ಹೋದ್ರು ಆ ಗಾಡ್ಯಾಗ?" ರುಕ್ಸಾನಾ ಕೇಳಿದಳು.

ಕೇಳಿದ ಮೇಲೆ ತಾನೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಉತ್ತರ ಅವಳಿಗೂ ಗೊತ್ತಿತ್ತು. ಗ್ಯಾರೇಜಿನ ಎಲ್ಲರಿಗೂ ಗೊತ್ತಿತ್ತು. ಮಗ ಹೊಳೆಗೆ ಬಿದ್ದ ವರ್ಷ ಉಸ್ತಾದರು ಹಿಡಿದ ವ್ರತ ಅದು. ರಿಪೇರಿಯಾದ ಯಾವ ಗಾಡಿಯನ್ನೂ ಮೊದಲು ತಾವೇ ಮುಗದದವರೆಗೆ ಓಡಿಸಿ ನೋಡದೆ ಮಾಲೀಕನ ಕೈಗೆ ಕೊಡುತ್ತಿರಲಿಲ್ಲ. ಇನ್ನೊಬ್ಬರ ಮಗ ನನ್ನ ಗ್ಯಾರೇಜಿನ ಗಾಡಿಯಲ್ಲಿ ಸಾಯಬಾರದು ಎನ್ನುತ್ತಿದ್ದರು.

ಆ ಮನೆಗೆ ಸೇರಿದವರಲ್ಲಿ ಆ ವ್ರತ ಗೊತ್ತಿರದವನು ಒಬ್ಬನೇ ಇದ್ದ. ಅದು ಯಾರ ಸಾವಿನಿಂದ ಶುರುವಾಗಿತ್ತೋ ಅವನು.

ತನ್ನ ಹೆಸರಿನ ಪಿನ್ನನ್ನು ಅವನು ತನ್ನ ಕೈಯಾರೆ ಎಳೆದಿದ್ದ. ಅಪ್ಪ ಅದಕ್ಕೆ ಆ ಹೆಸರಿಟ್ಟದ್ದೂ ಅವನಿಗೆ ಗೊತ್ತಿರಲಿಕ್ಕಿಲ್ಲ.

"ಇದನ್ನ ಠಾಣ್ಯಾಗ ಹೇಳ್ತೀಯೇನು ಯವ್ವಾ?" ಎಂದು ಮೆಲ್ಲಗೆ ಕೇಳಿದಳು. "ನೀ ಹೇಳಿದ್ರ ಅಕೀಬ ಮನೀಗೆ ಬರ್ತಾನ."

ಹನುಮವ್ವ ಗೋಡೆಯ ಫೋಟೋ ನೋಡಿದಳು. ರುಕ್ಸಾನಾಳ ಕೈಯಲ್ಲಿದ್ದ ಬಟ್ಟೆಯ ಗಂಟು ನೋಡಿದಳು. ಒಮ್ಮೆ ಕಳೆದುಕೊಂಡವನನ್ನು ಮತ್ತೊಮ್ಮೆ ಕಳೆದುಕೊಳ್ಳುವುದು ಹೇಗೆ ಎಂದು ಅವಳ ಕಣ್ಣು ಕೇಳುತ್ತಿದ್ದವು.

"ಹೇಳ್ತೇನಿ," ಎಂದಳು. ಆ ಒಂದು ಮಾತಿಗೆ ಆಕೆ ಹತ್ತು ವರ್ಷ ಮುದುಕಿಯಾದಳು. "ಆದ್ರ ಅಂವನ್ನ ಮೊದಲು ಹುಡಕ್ರಿ. ಮುಂಜಾನಿ ನಾ ತಾಟು ಇಡಾಕ ಹೋದಾಗ ಬಾಗಲದಾಗ ನಿಂತಿದ್ದ. ಮೊದಲನೇ ಸಲ ಮಾತಾಡಿದ. ಕೈಯಾಗ ಪಕ್ಕಡ್ ಇತ್ತು, ಗ್ರೀಸ್ ಹತ್ತಿತ್ತು. 'ಅಪ್ಪನ ಸಾಲ ತೀರಸ್ಬೇಕು ಯವ್ವಾ, ಅಂಬರೀಷಂದು ಇನ್ನೊಂದು ಗಾಡಿ ಐತಲ್ಲ, ಅದರ ಕೆಲಸಾನೂ ಮುಗಿಸಿ ಬಂದೆ' ಅಂದ. ಉಂಡು ಹೋದಾಂವ ಇನ್ನೂ ಬಂದಿಲ್ಲ."

ಜಯಮಾಲಾ ಎದ್ದು ನಿಂತಾಗಿತ್ತು. ಫೋನಿನಲ್ಲಿ ಅಂಬರೀಷನ ನಂಬರು ಒತ್ತಿದಳು. ರಿಂಗು ಹೋಗುತ್ತಲೇ ಇತ್ತು. ರುಕ್ಸಾನಾ ಹನುಮವ್ವನ ಭುಜ ಹಿಡಿದುಕೊಂಡಿದ್ದಳು, ಆಕೆ ಬೀಳದಂತೆ ಹಿಡಿದಳೋ ತಾನು ಬೀಳದಿರಲೆಂದು ಹಿಡಿದುಕೊಂಡಳೋ.

"ಹಾಂ, ನಮಸ್ಕಾರ್ರಿ ಮ್ಯಾಡಮ್ಮಾರ." ಅಂಬರೀಷನ ದನಿ ಉಲ್ಲಾಸವಾಗಿತ್ತು. ಹಿಂದೆ ಗಾಳಿಯ ಸದ್ದು, ಮಕ್ಕಳ ಕಿಲಕಿಲ. "ಸಂಜೀಕ ಭೆಟ್ಟಿ ಆಗೂಣೇನ್ರಿ? ಮನಿಯವರನ್ನ ಕರ್ಕೊಂಡು ಅಳ್ನಾವರಕ್ಕ ಹೊಂಟೇನಿ. ಈಗ ಮುಗದ ದಾಟಿದ್ವಿ ನೋಡ್ರಿ."

"ಅಂಬರೀಷ ಅವರ, ಗಾಡಿ ನಿಲ್ಲಸ್ರಿ. ಸಾವಕಾಶ ಬ್ರೇಕ್ ಹಿಡದು ಬದಿಗೆ ತಗೋರಿ."

"ಏನಂದ್ರಿ? ಕೇಳವಲ್ತು. ರೇಂಜ್ ಇಲ್ಲ ಇಲ್ಲೆ." ದನಿ ಒಡೆಯಿತು, ಮತ್ತೆ ಕೂಡಿತು. "ನೀವ ಸಿಕ್ಕಿದ್ದು ಛಲೋ ಆತ್ರಿ. ನಿಮಗ ಗಾಡೀದೆಲ್ಲಾ ಗೊತ್ತಿರ್ತೈತಿ. ಯಾಕೋ ಏನೋ, ಮುಂಜಾನಿಂದ ಗಾಡಿ ಎಡಕ್ಕ ಎಳ್ಯಾಕತ್ತೈತಿ."

ಮಕ್ಕಳಲ್ಲಿ ಯಾರೋ ಜೋರಾಗಿ ನಕ್ಕರು. ಆ ನಗೆಯ ಕೆಳಗೆ, ತೀರ ಕೆಳಗೆ, ಜಯಮಾಲಾಳಿಗೆ ಅದು ಕೇಳಿಸಿತು.

ಟಕ್. ಟಕ್.